ಅಗ್ಗದ ಮಡಿಚು ಚಾಕು: ತೋಟಕ್ಕೆ ಸರಿ, ದೋಣಿಗೆ ಬೇಡ

ನೂರೈವತ್ತು ರೂಪಾಯಿಯ ಮಡಿಚು ಚಾಕು ಕೊಂಡು ತಿದ್ದಿಕೊಳ್ಳಬಹುದೇ ಎಂದು ಹೊನ್ನಾವರದಿಂದ ಕೇಳಿದ್ದೀರಿ. ಭಟ್ಕಳದ ಮಲ್ಲಿಗೆ ದಾರ, ಹಣ್ಣು, ಗೊಬ್ಬರದ ಚೀಲ ಕತ್ತರಿಸಲು ಧಾರಾಳವಾಗಿ ಕೊಳ್ಳಿ. ಕಾಸರಕೋಡಿನಲ್ಲೋ ತದಡಿಯಲ್ಲೋ ದೋಣಿಯ ಮೇಲೆ ಹಗ್ಗ ಕೊಯ್ಯುವುದಕ್ಕಾದರೆ ಖಂಡಿತ ಬೇಡ.

ಕಾರಣ ಉಕ್ಕಲ್ಲ, ಬೀಗ. ಅಗ್ಗದ ಚಾಕುವಿನ ಉಕ್ಕು ಸಾಮಾನ್ಯವಾಗಿ ಮೆದು; ಹರಿತ ಬೇಗ ಹೋಗುತ್ತದೆ, ಆದರೆ ಸಾಣೆಕಲ್ಲಿಗೆ ಅಷ್ಟೇ ಬೇಗ ಬಗ್ಗುತ್ತದೆ. ಅಲಗನ್ನು ಬಿಚ್ಚಿದ ಸ್ಥಿತಿಯಲ್ಲಿ ಹಿಡಿಯುವ ತೆಳು ತಗಡು ಮಾತ್ರ ಸಡಿಲವಿದ್ದರೆ, ಒದ್ದೆ ಕೈಯಲ್ಲಿ ಒತ್ತಿದಾಗ ಅಲಗು ಬೆರಳಿನ ಮೇಲೆಯೇ ಮಡಚಿಕೊಳ್ಳುತ್ತದೆ. ಕೊಳ್ಳುವಾಗ ಬೆರಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮರಕ್ಕೆ ಮೆಲ್ಲಗೆ ತಟ್ಟಿ ನೋಡಿ. ಬೀಗ ಜಾರಿತೋ, ಅಲ್ಲೇ ಬಿಟ್ಟುಬನ್ನಿ. ಮನೆಯಲ್ಲಿ ಅರದಿಂದ ಉಜ್ಜಿ ಬೀಗ ಸರಿಪಡಿಸಲು ಹೋಗಬೇಡಿ. ಸವೆದ ಲೋಹ ಮರಳಿ ಬಾರದು.

ತಿದ್ದಬಹುದಾದದ್ದು ಬೇರೆಯೇ ಇದೆ. ಹಿಡಿಯ ಚೂಪು ಅಂಚುಗಳನ್ನು ಮರಳು ಕಾಗದದಿಂದ ಉಜ್ಜಿ, ತಿರುಪು ಬಿಗಿಮಾಡಿ, ಒಂದೊಂದು ಬದಿಗೆ ಸುಮಾರು 20 ಡಿಗ್ರಿ ಕೋನದಲ್ಲಿ ಮಸೆಯಿರಿ. ಗ್ರೈಂಡರ್‌ಗೆ ಒಡ್ಡಬೇಡಿ, ಅಂಚು ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತೆಂದೇ ಲೆಕ್ಕ.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲೂ ತುಕ್ಕು ಹಿಡಿಯುತ್ತದೆ, ಮೊದಲು ಕೀಲಿನಲ್ಲೇ. ಸಿಹಿನೀರಲ್ಲಿ ತೊಳೆದು ಒಣಗಿಸಿ ಒಂದು ಹನಿ ಎಣ್ಣೆ ಬಿಡಿ. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ ಹಾಕಬೇಡಿ, ದಿನ ಕಳೆದಂತೆ ಅಂಟುಗಟ್ಟುತ್ತದೆ. ಹಣ್ಣು ಕೊಯ್ಯುವ ಚಾಕುವಿಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು.

ದೋಣಿಗೆ ಮಡಚದ, ಒರೆಯಿರುವ ಗಟ್ಟಿ ಚೂರಿಯನ್ನು ಊರಿನ ಕಮ್ಮಾರರಿಂದಲೇ ಮಾಡಿಸಿ. ಹಿಡಿ ನಿಮ್ಮ ಅಂಗೈ ಅಳತೆಗಿರಲಿ.