ವಿದೇಶದಲ್ಲಿರುವ ಯೋಧರು ಮತ ಹಾಕುವುದು ಹೇಗೆ? ಹಂತ ಹಂತವಾಗಿ

ಊರು ಮಡಿಕೇರಿ, ಡ್ಯೂಟಿ ದಕ್ಷಿಣ ಸುಡಾನಿನ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯಲ್ಲಿ. ಚುನಾವಣೆ ಬಂತು, ರಜೆ ಸಿಗಲಿಲ್ಲ. ಮತ ಹಾಳಾಯಿತು ಎಂದುಕೊಳ್ಳಬೇಡಿ. ನಿಮ್ಮಂಥವರಿಗೆಂದೇ ಚುನಾವಣಾ ಆಯೋಗ ಇಟಿಪಿಬಿಎಸ್, ಅಂದರೆ ಅಂಚೆ ಮತಪತ್ರವನ್ನು ಇಂಟರ್ನೆಟ್ಟಿನಲ್ಲಿ ಕಳಿಸುವ ವ್ಯವಸ್ಥೆ, ಮಾಡಿದೆ. 2016ರಲ್ಲಿ ಪುದುಚೇರಿಯ ನೆಲ್ಲಿತೋಪು ಉಪಚುನಾವಣೆಯಲ್ಲಿ ಇದನ್ನು ಮೊದಲು ಬಳಸಿದರು. 2019ರ ಲೋಕಸಭಾ ಚುನಾವಣೆಯಲ್ಲಿ ಸುಮಾರು 18 ಲಕ್ಷ ಸೇವಾ ಮತದಾರರ (ಅಂದರೆ ಸೇವೆಯ ಕಾರಣಕ್ಕೆ ಊರಿನಿಂದ ದೂರವಿರುವ ನಿಮ್ಮಂಥ ಮತದಾರರ) ಪೈಕಿ 10.8 ಲಕ್ಷ ಜನರ ಮತಪತ್ರಗಳು ವಾಪಸ್ ಬಂದವು.

ಒಂದು ವಿಷಯ ಮೊದಲೇ ಗೊತ್ತಿರಲಿ. ಆನ್‌ಲೈನ್ ವೋಟಿಂಗ್ ಎಂದು ಕರೆದರೂ ಇದು ಮೊಬೈಲಿನಲ್ಲಿ ಒತ್ತಿ ಮುಗಿಸುವ ಕೆಲಸವಲ್ಲ. ಮತಪತ್ರ ಬರುವುದು ಇಂಟರ್ನೆಟ್ಟಿನಲ್ಲಿ, ಹೋಗುವುದು ಅಂಚೆಯಲ್ಲಿ. ಭಯಪಡಬೇಡಿ, ಒಂದೊಂದಾಗಿ ಮಾಡೋಣ.

1. ಹೆಸರು ಸೇರಿಸಿ. ಸೇನೆ ಮತ್ತು ಅರೆಸೇನಾ ಪಡೆಯವರು ಫಾರಂ 2 ತುಂಬಬೇಕು. ರಾಯಭಾರ ಕಚೇರಿಯಂಥ ಕಡೆ ಇರುವ ಕೇಂದ್ರ ಸರ್ಕಾರಿ ನೌಕರರಿಗೆ ಫಾರಂ 3. ವಿಳಾಸದ ಜಾಗದಲ್ಲಿ ನಿಮ್ಮ ಸ್ವಂತ ಊರಿನ ವಿಳಾಸ ಬರೆದು ಯೂನಿಟ್ ಅಥವಾ ಕಚೇರಿಯ ಮೂಲಕವೇ ಕೊಡಿ.
ಎಚ್ಚರಿಕೆ: ಊರಿನ ಸಾಮಾನ್ಯ ಮತದಾರರ ಪಟ್ಟಿಯಲ್ಲೂ ಹೆಸರಿದ್ದರೆ ಅದನ್ನು ತೆಗೆಸಿ. ಎರಡೂ ಕಡೆ ಇರುವಂತಿಲ್ಲ.

2. ಮನೆಯವರ ಬಗ್ಗೆ ಯೋಚಿಸಿ. ನಿಮ್ಮ ಜೊತೆಯಲ್ಲೇ ವಾಸಿಸುವ ಪತಿ ಅಥವಾ ಪತ್ನಿಯೂ ಸೇವಾ ಮತದಾರರಾಗಬಹುದು. 18 ತುಂಬಿದ ಮಕ್ಕಳಿಗೆ ಈ ಸೌಲಭ್ಯವಿಲ್ಲ.

3. ಪಟ್ಟಿ ನೋಡಿ. ಸೇವಾ ಮತದಾರರ ಹೆಸರು ಮತದಾರರ ಪಟ್ಟಿಯ ಕೊನೆಯ ಭಾಗದಲ್ಲಿರುತ್ತದೆ. ವೋಟರ್ ಐಡಿ ಬರಲಿಲ್ಲವೆಂದು ಗಾಬರಿಯಾಗಬೇಡಿ, ಸೇವಾ ಮತದಾರರಿಗೆ ಅದನ್ನು ಕೊಡುವುದಿಲ್ಲ.

4. ಮತಪತ್ರ ಡೌನ್‌ಲೋಡ್ ಮಾಡಿಸಿ. ಕಣದಲ್ಲಿ ಯಾರು ಯಾರು ಉಳಿದರು ಎಂಬ ಅಂತಿಮ ಪಟ್ಟಿಯಾದ ಮೇಲೆ ಚುನಾವಣಾಧಿಕಾರಿ ಮತಪತ್ರವನ್ನು ಆನ್‌ಲೈನ್‌ನಲ್ಲಿ ಕಳಿಸುತ್ತಾರೆ. ಡೌನ್‌ಲೋಡ್ ಮಾಡಲು ಓಟಿಪಿ ಬೇಕು, ಫೈಲ್ ತೆರೆಯಲು ಪಿನ್ ಬೇಕು. ಯೂನಿಟ್‌ನಲ್ಲಿ ಈ ಕೆಲಸ ಯಾರದು ಎಂದು ಮೊದಲೇ ಕೇಳಿಟ್ಟುಕೊಳ್ಳಿ.

5. ಪ್ರಿಂಟ್ ತೆಗೆಯಿರಿ. ಮತಪತ್ರದ ಜೊತೆ ನಾಲ್ಕು ಫಾರಂ ಬರುತ್ತವೆ: 13ಎ ನಿಮ್ಮ ಘೋಷಣೆ, 13ಬಿ ಒಳಗಿನ ಕವರಿಗೆ, 13ಸಿ ಹೊರಗಿನ ಕವರಿಗೆ, 13ಡಿ ಸೂಚನೆಗಳು. ಎಲ್ಲಕ್ಕಿಂತ ಮೊದಲು 13ಡಿಯನ್ನು ಪೂರ್ತಿ ಓದಿ.
ಎಚ್ಚರಿಕೆ: ಕ್ಯೂಆರ್ ಕೋಡ್ ಮಸುಕಾಗಿದ್ದರೆ ಇನ್ನೊಂದು ಪ್ರಿಂಟ್ ತೆಗೆಯಿರಿ. ಎಣಿಕೆಯ ದಿನ ಅದನ್ನು ಸ್ಕ್ಯಾನ್ ಮಾಡುತ್ತಾರೆ.

6. ಗುರುತು ಹಾಕಿ. ಯಾರೂ ನೋಡದ ಜಾಗದಲ್ಲಿ ಕುಳಿತು, ನಿಮಗೆ ಬೇಕಾದ ಒಬ್ಬ ಅಭ್ಯರ್ಥಿಯ ಹೆಸರಿನ ಎದುರು ಸ್ಪಷ್ಟವಾಗಿ ಗುರುತು ಮಾಡಿ.
ಎಚ್ಚರಿಕೆ: ಮತಪತ್ರದ ಮೇಲೆ ಸಹಿ, ಹೆಸರು, ನಂಬರ್ ಏನನ್ನೂ ಬರೆಯಬೇಡಿ. ನಿಮ್ಮ ಗುರುತು ಸಿಕ್ಕರೆ ಮತ ತಿರಸ್ಕೃತವಾಗುತ್ತದೆ.

7. ಒಳಗಿನ ಕವರ್ ಮುಚ್ಚಿ. ಮತಪತ್ರವೊಂದನ್ನೇ ಅದರೊಳಗಿಟ್ಟು ಅಂಟಿಸಿ, ಮೇಲೆ 13ಬಿ ಹಚ್ಚಿ.

8. ಘೋಷಣೆಗೆ ಸಹಿ ಮಾಡಿ. 13ಎ ಫಾರಂಗೆ ಕಮಾಂಡಿಂಗ್ ಆಫೀಸರ್ ಅಥವಾ ಅವರು ನೇಮಿಸಿದ ಅಧಿಕಾರಿಯ ಎದುರೇ ಸಹಿ ಹಾಕಿ, ಅವರಿಂದ ದೃಢೀಕರಣ ಪಡೆಯಿರಿ. ಅವರು ನೋಡುವುದು ನಿಮ್ಮ ಸಹಿಯನ್ನು ಮಾತ್ರ, ಮತವನ್ನಲ್ಲ. 13ಎ ಮತ್ತು 13ಬಿಯಲ್ಲಿರುವ ಮತಪತ್ರದ ಕ್ರಮಸಂಖ್ಯೆ ಒಂದೇ ಆಗಿದೆಯೇ ಎಂದು ಈಗಲೇ ನೋಡಿಕೊಳ್ಳಿ.

9. ಹೊರಗಿನ ಕವರ್ ಸಿದ್ಧಮಾಡಿ. ಮುಚ್ಚಿದ ಒಳಕವರ್ ಮತ್ತು 13ಎ, ಎರಡನ್ನೂ ಇದರೊಳಗಿಟ್ಟು ಅಂಟಿಸಿ, ಮೇಲೆ 13ಸಿ ಹಚ್ಚಿ.
ಎಚ್ಚರಿಕೆ: ಹೊಸಬರು ಎಡವುವುದು ಇಲ್ಲೇ. ಘೋಷಣೆಯನ್ನು ಮತಪತ್ರದ ಜೊತೆ ಒಳಕವರಿಗೆ ಸೇರಿಸಿಬಿಡುತ್ತಾರೆ. ಎಣಿಕೆಯಲ್ಲಿ ಮೊದಲು ಹುಡುಕುವುದು ಘೋಷಣೆಯನ್ನು. ಅದು ಸಿಗದಿದ್ದರೆ ಒಳಕವರನ್ನು ತೆರೆಯುವುದೇ ಇಲ್ಲ.

10. ಅಂದೇ ಅಂಚೆಗೆ ಹಾಕಿ. ಎಣಿಕೆ ಶುರುವಾಗುವ ಗಳಿಗೆಗೆ ಮೊದಲು ಕವರ್ ಚುನಾವಣಾಧಿಕಾರಿಯ ಕೈ ಸೇರಿರಬೇಕು. ಒಂದು ನಿಮಿಷ ತಡವಾದರೂ ಲೆಕ್ಕಕ್ಕಿಲ್ಲ. ವಿದೇಶದಿಂದ ಡಾಕ್ ಯಾವ ದಾರಿಯಲ್ಲಿ ಹೋಗುತ್ತದೆ, ಎಷ್ಟು ದಿನ ಹಿಡಿಯುತ್ತದೆ ಎಂದು ಯೂನಿಟ್‌ನಲ್ಲಿ ವಿಚಾರಿಸಿ.

ಅಷ್ಟು ಬೇಗ ಅಂಚೆ ತಲುಪುವುದಿಲ್ಲ ಅನಿಸಿದರೆ?

ಸೇನೆ ಮತ್ತು ಅರೆಸೇನಾ ಪಡೆಯವರಿಗೆ ಇನ್ನೊಂದು ದಾರಿಯಿದೆ: ಪ್ರಾಕ್ಸಿ. ಫಾರಂ 13ಎಫ್ ತುಂಬಿ, ನಿಮ್ಮ ಕ್ಷೇತ್ರದಲ್ಲೇ ವಾಸಿಸುವ ನಂಬಿಕಸ್ಥರೊಬ್ಬರನ್ನು ನೇಮಿಸಿ. ಮತಗಟ್ಟೆಗೆ ಹೋಗಿ ಅವರು ನಿಮ್ಮ ಪರವಾಗಿ ಮತ ಹಾಕುತ್ತಾರೆ. ಆಗ ಶಾಯಿ ಬೀಳುವುದು ಅವರ ಎಡಗೈಯ ನಡುಬೆರಳಿಗೆ, ಹಾಗಾಗಿ ತಮ್ಮ ಸ್ವಂತ ಮತವನ್ನೂ ಅವರು ಹಾಕಬಹುದು. ಅರ್ಜಿ ಮಾತ್ರ ನಾಮಪತ್ರ ಸಲ್ಲಿಕೆಯ ಕೊನೆಯ ದಿನಕ್ಕೆ ಮೊದಲೇ ಚುನಾವಣಾಧಿಕಾರಿಗೆ ತಲುಪಬೇಕು. ಪ್ರಾಕ್ಸಿ ನೇಮಿಸಿದರೆ ನಿಮಗೆ ಅಂಚೆ ಮತಪತ್ರ ಬರುವುದಿಲ್ಲ. ಆದ್ದರಿಂದ ಯಾವ ದಾರಿ ಎಂಬುದನ್ನು ಚುನಾವಣೆ ಘೋಷಣೆಯಾಗುವ ಮೊದಲೇ ಮನೆಯವರ ಜೊತೆ ಮಾತಾಡಿ ತೀರ್ಮಾನಿಸಿ.