ಹೊಲದ ಕೆಲಸ, ಕಣ್ಣಿನ ಕಾವಲು: ಆರು ಸೂತ್ರಗಳು

1. ಉಜ್ಜಬೇಡಿ. ಒಕ್ಕಣೆಯಲ್ಲಿ ಭತ್ತದ ಹೊಟ್ಟು ಹಾರಿ ಕಣ್ಣಿಗೆ ಬಿದ್ದರೆ ಕೈ ತಾನಾಗಿಯೇ ಮೇಲೇಳುತ್ತದೆ. ತಡೆಯಿರಿ. ಚೂರು ರೆಪ್ಪೆಯೊಳಗೆ ಸಿಕ್ಕಿಕೊಂಡಿದ್ದರೆ, ಉಜ್ಜಿದಷ್ಟೂ ಕರಿಗುಡ್ಡೆಗೆ ಗೀರು ಬೀಳುತ್ತದೆ. ಶುದ್ಧ ನೀರು ಹಾಕಿ, ರೆಪ್ಪೆ ಬಡಿಯಿರಿ. ಆಗಲೂ ಹೋಗದಿದ್ದರೆ ಸೆರಗಿನ ತುದಿ, ಕಡ್ಡಿ, ನಾಲಿಗೆ ಯಾವುದೂ ಬೇಡ.

2. ಕರಕರ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಗೆ ಹೊರಡಿ. ಆರರಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ನೇಪಾಳದ ಭಕ್ತಪುರದಲ್ಲಿ ಊರಿನ ಆರೋಗ್ಯ ಕಾರ್ಯಕರ್ತರೇ ಗೀರು ಬಿದ್ದ ಕಣ್ಣುಗಳಿಗೆ ದಿನಕ್ಕೆ ಮೂರು ಸಲ, ಮೂರು ದಿನ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದರು. 2001ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಪೆಟ್ಟಾದ 18 ಗಂಟೆಯೊಳಗೆ ಬಂದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಆಯಿತು. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿಯುತ್ತದೆ. ಕಣ್ಣಿಗೆ ಹೂ ಬಿದ್ದಿದೆ ಎನ್ನುತ್ತೇವಲ್ಲ, ಅದೇ. ಒಂದು ದಿನದ ಕೂಲಿ ಹೋಗುತ್ತದೆಂದು ಸಂತೆಯ ದಿನದವರೆಗೆ ಕಾಯುವುದು ನಿಜಕ್ಕೂ ಸಂಕಟದ ಲೆಕ್ಕ. ಮೇಸ್ತ್ರಿಗಳೇ, ಆ ದಿನದ ಕೂಲಿ ಹಿಡಿಯಬೇಡಿ.

3. ಸಿಕ್ಕ ಹನಿ ಹಾಕಬೇಡಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಗಾಯಕ್ಕೆ ಸೋಂಕು ಸೇರಿಸಬಹುದು. ಅದಕ್ಕಿಂತ ಅಪಾಯ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟಿರಾಯ್ಡ್ ಹನಿ. ಕಬ್ಬಿನ ಗರಿ, ಜೋಳದ ಎಲೆ ಗೀರಿದ ಜಾಗದಲ್ಲಿ ಶಿಲೀಂಧ್ರ ಬೇರೂರುತ್ತದೆ. ಸ್ಟಿರಾಯ್ಡ್ ಹಾಕಿದರೆ ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ.

4. ಔಷಧಿ ಹೊಡೆಯುವ ಮೊದಲು ಬದುವಿನ ಮೇಲೆ ಒಂದು ಕೊಡ ಶುದ್ಧ ನೀರಿಡಿ. ಗಾಳಿಗೆ ಬೆನ್ನು ಹಾಕಿ ಹೊಡೆಯಿರಿ. ಕಣ್ಣಿಗೆ ಸಿಡಿದರೆ ರೆಪ್ಪೆ ಅಗಲಿಸಿ ಕನಿಷ್ಠ 15 ನಿಮಿಷ ನೀರು ಹರಿಸಿ, ಆಮೇಲೆ ಡಬ್ಬಿಯ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಿ. ಎಕ್ಕದ ಹಾಲು, ಕಳ್ಳಿ ಹಾಲು, ಸುಣ್ಣ ಸಿಡಿದರೂ ಇಷ್ಟೇ.

5. ಹುಲ್ಲು ಹೊಡೆಯುವ ಮಿಷನ್ ಹಿಡಿದಾಗ, ಹಾರೆ ತಟ್ಟುವಾಗ ಕನ್ನಡಕ ಬೇಕೇ ಬೇಕು. ಕೂಲಿಂಗ್ ಗ್ಲಾಸ್ ಸಾಲದು. ಪಕ್ಕವೂ ಮುಚ್ಚುವ ಪಾಲಿಕಾರ್ಬೊನೇಟಿನದು ಬೇಕು. ಅದನ್ನು ಜಮೀನಿನವರೇ ಕೊಡಿಸಬೇಕು. ಹಾರಿದ ಕಬ್ಬಿಣದ ಚೂರು ಕಣ್ಣೊಳಗೆ ಹೊಕ್ಕರೂ ಕೆಲವೊಮ್ಮೆ ಹೆಚ್ಚು ನೋವಿರುವುದಿಲ್ಲ. ಒತ್ತಬೇಡಿ, ತೊಳೆಯಬೇಡಿ, ಕಾಗದದ ಲೋಟ ಮುಚ್ಚಿ ಕರೆದೊಯ್ಯಿರಿ.

6. ನಲವತ್ತು ದಾಟಿತೇ? ಹತ್ತಿರದ ಕನ್ನಡಕ ಓದುವವರಿಗೆ ಮಾತ್ರವಲ್ಲ. ಅಸ್ಸಾಮಿನ ಚಹಾ ತೋಟದಲ್ಲಿ ಎಲೆ ಕೀಳುವವರಿಗೆ ಅಂಥ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು: ಕನ್ನಡಕ ಸಿಗದವರಿಗೆ ಹೋಲಿಸಿದರೆ ಇವರ ಕೊಯ್ಲು ಶೇ. 20ಕ್ಕೂ ಹೆಚ್ಚು ಏರಿತು. ಮೆಣಸಿನಕಾಯಿ ತೊಟ್ಟು ಮುರಿಯುವ, ಬಿತ್ತನೆ ಬೀಜ ಆರಿಸುವ ಹೆಂಗಸರಿಗೂ ಇದು ಬೇಕು. ಊರಿಗೆ ನೇತ್ರ ಶಿಬಿರ ಬಂದಾಗ ಪೊರೆ ಇಲ್ಲ ಎಂದರೆ ಎದ್ದು ಬರಬೇಡಿ. ಹತ್ತಿರದ ದೃಷ್ಟಿಯನ್ನೂ ನೋಡಿ ಎಂದು ಕೇಳಿ.