ಹಾಲಿನ ಪೊಟ್ಟಣದ ಮುದ್ರಣ ಮತ್ತು ಸ್ಥಿರ ವಿದ್ಯುತ್



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲಿ ನೀವು ಡೇರಿಗೆ ಹಾಕುವ ಹಾಲನ್ನು ಪೇಟೆಯ ಗ್ರಾಹಕರು ಪೊಟ್ಟಣದ ಅಕ್ಷರ ನೋಡಿ ನಂಬುತ್ತಾರೆ.

ಪಾಲಿಥೀನ್ ಹಾಳೆಯಲ್ಲಿ ವಿದ್ಯುತ್ ಹರಿಯದು. ಮುದ್ರಣ ಯಂತ್ರದ ರೋಲರುಗಳಿಗೆ ಉಜ್ಜಿ ಬಿಡುವಾಗ ಎರಡರಲ್ಲೂ ಸ್ಥಿರ ವಿದ್ಯುತ್ ಸೇರುತ್ತದೆ. ಧೂಳು ಅಂಟಿ ಅಕ್ಷರ ಕೆಡುತ್ತದೆ. ಕಿಡಿ ಹಾರಿದರೆ ಶಾಯಿಯ ಆವಿಗೆ ಬೆಂಕಿ ಹತ್ತಬಹುದು.

ಮಿಲಿಮೀಟರಿನ 10 ಲಕ್ಷದಲ್ಲೊಂದು ಭಾಗ ನ್ಯಾನೋಮೀಟರ್. ಕೆಲವೇ ನ್ಯಾನೋಮೀಟರ್ ದಪ್ಪದ ಇಂಗಾಲದ ಕೊಳವೆಗಳನ್ನು ರೋಲರಿನ ರಬ್ಬರಿಗೆ ತುಸು ಬೆರೆಸಿದರೆ, ಅವು ಒಂದಕ್ಕೊಂದು ತಾಗಿ ಬಲೆಯಂತಾಗಿ ರೋಲರಿನ ವಿದ್ಯುತ್ತನ್ನು ಹರಿಯಬಿಡುತ್ತವೆ. ಹಾಳೆಯ ಮೇಲೆ ಉಳಿದದ್ದನ್ನು ತೆಗೆಯಲು ಅಯಾನು ಸೂಸುವ ಪಟ್ಟಿ ಬೇಕು. ಅರ್ಥಿಂಗ್ ಇಲ್ಲದಿದ್ದರೆ ಮಾತ್ರ ನ್ಯಾನೋ ಕೊಳವೆಯೂ ವ್ಯರ್ಥ.

ಮೇವು ಕತ್ತರಿಸುವ ಯಂತ್ರದಲ್ಲಿ ಸೋರುವ ಕರೆಂಟು ಬೇರೆ ಬಗೆಯದು, ರಾಸಿನ ಪ್ರಾಣಕ್ಕೇ ಅಪಾಯ. ಅದಕ್ಕೂ ಭೂಮಿಯ ದಾರಿ ಬೇಕು. ಮಳೆಗಾಲಕ್ಕೆ ಮುನ್ನ ಕೊಟ್ಟಿಗೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿರಿ.